ಬಲೆ ಇಲ್ಲದೆ ಹಾಕಿದ ಕೂಗು

ಆ ಸಿನಿಮಾದಲ್ಲಿ ನನ್ನ ದನಿಯ ಹಿಂದೆ ಕೇಳುವ ಗಂಡಸರು ದುಡ್ಡು ಕೊಟ್ಟು ಕರೆಸಿದವರಲ್ಲ. ಅವರಲ್ಲಿ ಒಬ್ಬರು ನನ್ನ ಗಂಡ. ಅಷ್ಟು ಹೊತ್ತಿಗೆ ಅವರು ಸತ್ತು ಹನ್ನೊಂದು ವರ್ಷ ಆಗಿತ್ತು. ನಡೆದದ್ದು ಇಷ್ಟೇ. ನೀವು ನಂಬಿದರೂ ಸರಿ, ಬಿಟ್ಟರೂ ಸರಿ.

ನಾನು ಇಂಥದ್ದನ್ನು ನಂಬುವವಳಾಗಿರಲಿಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಮೀನಿನ ಬುಟ್ಟಿ ತಲೆಗೇರಿಸಿದವಳು. ಬೆಳಕು ಹರಿಯುವ ಮೊದಲೇ ಸುಡುಗಾಡಿನ ಬದಿಯಲ್ಲಿ ನಡೆದು ಬಂದರಿಗೆ ಹೋಗಿದ್ದೇನೆ. ದಾರಿಯಲ್ಲಿ ನಾಯಿ ಬಿಟ್ಟರೆ ಬೇರೆ ಯಾರೂ ನನ್ನನ್ನು ಅಡ್ಡಗಟ್ಟಿಲ್ಲ. ಯಾರಾದರೂ ಅದನ್ನು ಕಂಡೆ, ಇದನ್ನು ಕೇಳಿದೆ ಎಂದರೆ ರಾತ್ರಿ ಉಂಡದ್ದು ಕರಗಿಲ್ಲ ಎಂದು ನಗುತ್ತಿದ್ದೆ. ಈಗ ನಗುವುದಿಲ್ಲ, ಅಷ್ಟೇ ವ್ಯತ್ಯಾಸ.

ಚಂದ್ರ ನನ್ನ ತಂಗಿಯ ಮಗ. ತಂಗಿಯನ್ನು ಬ್ರಹ್ಮಾವರಕ್ಕೆ ಕೊಟ್ಟದ್ದು. ಹುಡುಗ ಓದಿನಲ್ಲಿ ಹಿಂದೆ, ಕಿವಿ ಮಾತ್ರ ಚುರುಕು. ಒಳಗೆ ಮಲಗಿದ್ದಲ್ಲೇ ಹಾರ್ನ್ ಕೇಳಿ ಯಾವ ಬಸ್ಸು ಬಂತು ಎಂದು ಹೇಳುತ್ತಿದ್ದ. ಮದುವೆಮನೆಗಳ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸಿದ, ಮುಂಬೈಗೆ ಹೋದ, ಆಮೇಲೆ ಬೆಂಗಳೂರಿಗೆ ಬಂದ. ಸಿನಿಮಾಕ್ಕೆ ಹಿನ್ನೆಲೆ ಸಂಗೀತ ಮಾಡುವುದು ಅವನ ಕಸುಬು. ಪರದೆಯ ಮೇಲೆ ಯಾರೋ ಒಬ್ಬಳು ಸುಮ್ಮನೆ ಬಾಗಿಲು ತೆಗೆದರೂ ನಮ್ಮ ಎದೆ ಹೊಡೆದುಕೊಳ್ಳುತ್ತದಲ್ಲ, ಅದು ಇಂಥವರ ಕೆಲಸ. ಹದಿನಾಲ್ಕು ವರ್ಷ ಅವನು ಮಾಡಿದ್ದೆಲ್ಲ ಬೇರೆಯವರ ಹೆಸರಿನಲ್ಲಿ ಹೋಯಿತು. ದುಡಿದದ್ದು ಇವನು, ಹಾರ ಇನ್ನೊಬ್ಬನ ಕೊರಳಿಗೆ. ಕಡೆಗೂ ಒಂದು ಸಿನಿಮಾ ಇವನದೇ ಹೆಸರಿಗೆ ಸಿಕ್ಕಿತು. ಅದರಲ್ಲಿ ಒಂದು ಬೋಟು ಮಗುಚುವ ಜಾಗ ಇದೆ. ಅದಕ್ಕೆ ಇವನು ಕೂರಿಸಿದ ಸಂಗೀತವನ್ನು ನಿರ್ದೇಶಕರು ನಾಲ್ಕು ಸಲ ಬೇಡ ಎಂದರಂತೆ. ಐದನೆಯದೂ ಆಗದಿದ್ದರೆ ಕೆಲಸ ಬೇರೆಯವರಿಗೆ. ಎರಡು ದಿನ ಉಳಿದಿತ್ತು. ಆಗ ಇವನು ತ್ರಾಸಿಗೆ, ನನ್ನ ಮನೆಗೆ, ದನಿ ಹಿಡಿಯುವ ಯಂತ್ರ, ಮೈಕು ಕಟ್ಟಿಕೊಂಡು ಬಂದ.

ಅವನಿಗೆ ಬೇಕಾದದ್ದು ರಂಪಣಿಯ ಕೂಗು. ರಂಪಣಿ ಎಂದರೆ ದೋಣಿಯಲ್ಲಿ ಹೋಗಿ ಕಡಲಿನಲ್ಲಿ ಸುತ್ತು ಹಾಕಿ ಬಿಟ್ಟು ಬರುವ ದೊಡ್ಡ ಬಲೆ. ಅದರ ಹಗ್ಗವನ್ನು ದಡದಲ್ಲಿ ನಿಂತು ಹತ್ತಾರು ಜನ ಎಳೆಯಬೇಕು. ಒಬ್ಬ ಕೂಗು ಹಾಕುತ್ತಾನೆ, ಮಿಕ್ಕವರು ಉತ್ತರ ಕೊಟ್ಟು ಎಳೆಯುತ್ತಾರೆ. ನಮ್ಮ ದಡದಲ್ಲಿ ಕೂಗು ಹಾಕುತ್ತಿದ್ದದ್ದು ನನ್ನ ಗಂಡ. ಕೂಗು ಕೇಳಿ ದಾರಿಹೋಕ ಬಂದು ಹಗ್ಗಕ್ಕೆ ಕೈ ಹಾಕಿದರೂ ಅವನಿಗೆ ಮೀನಿನ ಪಾಲು ಕೊಡಲೇಬೇಕು. ಕೂಗು ಹಾಕಿದವನಿಗೆ ಎರಡು ಪಾಲು, ಅದನ್ನು ಮನೆಗೆ ಹೊರುವವಳು ಅವನ ಹೆಂಡತಿ. ಬಲೆ ಇಲ್ಲದೆ ಯಾರೂ ಕೂಗು ಹಾಕುತ್ತಿರಲಿಲ್ಲ. ಹಾಕಿದ ಮೇಲೆ ಬಲೆ ಮರಳಿಗೆ ಬರುವವರೆಗೆ ನಿಲ್ಲಿಸುತ್ತಿರಲಿಲ್ಲ. ನಿಲ್ಲಿಸಿದರೆ ಕಡಲು ಹಗ್ಗವನ್ನು ತನ್ನ ಕಡೆಗೆ ಎಳೆಯುತ್ತದೆ.

ಈಗ ಬೋಟುಗಳು ಬಂದು ರಂಪಣಿ ಮೂಲೆ ಸೇರಿದೆ. ನನ್ನ ಗಂಡನೂ ಕಡಲಿನಲ್ಲಿ ಸತ್ತವರಲ್ಲ. ಲಕ್ವ ಹೊಡೆದು ಎರಡು ವರ್ಷ ಮಾತಿಲ್ಲದೆ ಮಂಚದ ಮೇಲೆ ಮಲಗಿ ಹೋದರು.

“ದೊಡ್ಡಮ್ಮ, ದೊಡ್ಡಪ್ಪಯ್ಯ ಹಾಕ್ತಿದ್ದ ಕೂಗ್ ನಿಂಗ್ ಬತ್ತಲ್ದಾ? ಎರ್ಡ್ ನಿಮಿಷ ಸಾಕ್,” ಎಂದ.

“ಬಲಿ ಇಲ್ದೆ ಕೂಗ್ ಹಾಕುಕಾಗ ಮಗಾ. ಕೂಗ್ ಕೇಂಡವ್ರ್ ಬತ್ರ್.”

“ಬಂದ್ರೆ ಬರ್ಲಿ, ಚಾ ಮಾಡಿ ಕೊಡುವ.”

ನನಗೂ ನಗು ಬಂತು. ನಿಜ ಹೇಳಬೇಕೆಂದರೆ ನಾನು ಬೇಡ ಎಂದದ್ದು ಹೆದರಿ ಅಲ್ಲ, ಮಂಡಿನೋವಿಗೆ. ಮತ್ತೆ ಅವನ ಮುಖ ನೋಡಿದೆ. ತಲೆ ಅರ್ಧ ನೆರೆತಿತ್ತು. ಈ ವಯಸ್ಸಿನಲ್ಲಿ ಪುನಃ ಮದುವೆಮನೆಗೆ ಕೀಬೋರ್ಡ್ ಹೊತ್ತುಕೊಂಡು ಹೋಗುವುದಾ ಎನಿಸಿತು. ಹೋದೆ.

ಸಂಜೆ ಐದರ ಹೊತ್ತು. ನಮ್ಮಲ್ಲಿ ಕಡಲು ಮತ್ತು ಹೈವೇ ಅಕ್ಕಪಕ್ಕ, ಲಾರಿಗಳ ಸದ್ದಿಗೆ ಅವನು ಬೈದುಕೊಂಡು ಒಂದಿಷ್ಟು ದೂರ ನಡೆಸಿದ. ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಹೂಂ ಎಂದ. ನಾನು ಕಡಲಿಗೆ ಮುಖ ಮಾಡಿ ಕೂಗಿದೆ. ಗಂಡಸರ ಕೂಗು ಹೆಂಗಸಿನ ಬಾಯಲ್ಲಿ ಚಂದ ಏನಲ್ಲ, ಆದರೂ ಬಂತು. ಅರ್ಧಕ್ಕೆ ಬಂದಿರಬೇಕು, ಅವನು ಕೈ ಎತ್ತಿದ.

“ಸಾಕ್ ದೊಡ್ಡಮ್ಮ. ಇಷ್ಟೇ ಬೇಕಾದ್ದ್.”

ನಾನು ನಿಲ್ಲಿಸಿಬಿಟ್ಟೆ. ನಿಲ್ಲಿಸಬಾರದು ಎಂದು ಹುಟ್ಟಿದಾಗಿನಿಂದ ಗೊತ್ತಿದ್ದವಳು, ಮಂಡಿಗೆ ಆರಾಮಾಗುತ್ತದೆ ಎಂದು ನಿಲ್ಲಿಸಿದೆ. ಅವನು ಹೆಡ್‌ಫೋನ್ ತೆಗೆಯಲಿಲ್ಲ. ನನ್ನ ಬೆನ್ನ ಹಿಂದೆ ನೋಡಿದ.

“ಹಿಂದ್ ಯಾರ್ ಇದ್ದಿರ್?”

“ಯಾರೂ ಇಲ್ಯಲ, ನಾವ್ ಇಬ್ರೇ.”

“ಉತ್ರ ಕೊಡ್ತಿದ್ರ್. ನೀ ನಿಲ್ಸಿರೂ ಅವ್ರ್ ನಿಲ್ಸ್ಲಿಲ್ಲೆ.”

ಹೆಡ್‌ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಯಂತ್ರವನ್ನು ಹಾಗೇ ಬಿಟ್ಟು, ಅವನು ನೀರಿನ ಕಡೆಗೆ ನಡೆದ. ಅಲೆಯ ಸದ್ದು ಹಿಡಿಯಲಿಕ್ಕೆ ಜಾಗ ನೋಡುತ್ತಾನೆ ಎಂದುಕೊಂಡು ನಾನು ಬಿದ್ದ ತೆಂಗಿನ ಮರದ ಮೇಲೆ ಕೂತೆ. ತಲೆ ಎತ್ತುವಾಗ ಅವನು ಮಂಡಿಯುದ್ದ ನೀರಿನಲ್ಲಿದ್ದ. ಮತ್ತೆ ನೋಡುವಾಗ ಸೊಂಟದುದ್ದ. ಎರಡು ಕೈಯನ್ನೂ ಮುಷ್ಟಿ ಮಾಡಿ ಮುಂದಕ್ಕೆ ಚಾಚಿದ್ದ. ಮೈ ಹಿಂದಕ್ಕೆ ವಾಲಿತ್ತು. ಹಿಮ್ಮಡಿ ಊರಿ ಜಗ್ಗುವವರ ಹಾಗೆ ನಿಂತಿದ್ದ, ಆದರೆ ಹೆಜ್ಜೆ ಹೆಜ್ಜೆಯಾಗಿ ಮುಂದೆ ಹೋಗುತ್ತಿದ್ದ. ಅವನ ಕೈಯಲ್ಲಿ ಏನೂ ಇರಲಿಲ್ಲ.

“ಹ್ವಾಯ್ ಚಂದ್ರಾ! ಸಾಯುಕ್ ಹೊರ್ಟಿದ್ಯಾ?”

ತಿರುಗಲಿಲ್ಲ. ಆಗ ಇನ್ನೊಂದು ಗಮನಕ್ಕೆ ಬಂತು. ಹೈವೇಯಲ್ಲಿ ಲಾರಿ ಹೋಗುವುದು ಕಾಣುತ್ತಿತ್ತು, ಸದ್ದು ಇರಲಿಲ್ಲ. ಅಲೆ ಬಂದು ಮರಳಿಗೆ ಬೀಳುತ್ತಿತ್ತು, ಅದಕ್ಕೂ ಸದ್ದಿಲ್ಲ. ನನಗೆ ಈಜು ಬರುವುದಿಲ್ಲ. ಕಡಲ ಬದಿಯ ಹೆಂಗಸರಿಗೆ ಈಜು ಕಲಿಸಿದವರು ಯಾರು? ನೀರು ಅವನ ಎದೆಗೆ ಬಂತು. ಕೂಗಿಗೆ ಕೂಗೇ ಬೇಕು ಎಂದು ಹೊಳೆಯಿತು. ನಿಲ್ಲಿಸಿದ ಕಡೆಯಿಂದ ಎತ್ತಿ, ಗಂಟಲು ಹರಿಯುವ ಹಾಗೆ ಹಾಕಿದೆ.

ಈ ಸಲ ನನಗೂ ಕೇಳಿತು. ಹೆಡ್‌ಫೋನ್ ಬೇಕಾಗಲಿಲ್ಲ. ನನ್ನ ಒಂದೊಂದು ಸಾಲಿಗೂ ಎರಡೂ ಬದಿಯಿಂದ ಗಂಡಸರು ಉತ್ತರ ಕೊಟ್ಟರು. ಎಷ್ಟು ಜನ ಎಂದು ಹೇಳಲಾರೆ. ಚಂದ್ರ ಮುಂದೆ ಹೋಗುವುದು ನಿಂತಿತು, ಆದರೆ ಹಿಂದೆ ಬರಲಿಲ್ಲ. ಅಷ್ಟರಲ್ಲಿ ನನಗೆ ಗೊತ್ತಿದ್ದ ಸಾಲುಗಳು ಮುಗಿದವು.

ಕೂಗಿನ ಕೊನೆ ನಮಗೆ ಹೆಂಗಸರಿಗೆ ಗೊತ್ತಿಲ್ಲ. ಬಲೆ ದಡಕ್ಕೆ ಹತ್ತಿರ ಬಂದ ಕೂಡಲೇ ನಾವು ಬುಟ್ಟಿ ಹಿಡಿದು ನೀರಿಗೆ ಓಡುತ್ತಿದ್ದೆವು. ಆ ಬೊಬ್ಬೆಯಲ್ಲಿ ಕೊನೆಯ ಸಾಲನ್ನು ಯಾವ ಹೆಂಗಸೂ ಕಿವಿಗೊಟ್ಟು ಕೇಳಿದ್ದಿಲ್ಲ. ಬಾಯಿ ತೆರೆದು ನಿಂತೆ, ಏನೂ ಬರಲಿಲ್ಲ. ಚಂದ್ರ ಮತ್ತೆ ಒಂದು ಹೆಜ್ಜೆ ಮುಂದೆ ಹೋದ, ನೀರು ಅವನ ಕುತ್ತಿಗೆಗೆ ಬಂತು.

ಆಗ ನನ್ನ ಎಡಗಡೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಆ ಸಾಲನ್ನು ಹೇಳಿಕೊಟ್ಟರು. ಬೀಡಿ ಸೇದಿ ಒಡೆದ ಆ ದನಿಯೊಂದಿಗೆ ನಾನು ಮೂವತ್ತು ವರ್ಷ ಸಂಸಾರ ಮಾಡಿದ್ದೇನೆ. ತಿರುಗಿ ನೋಡಲಿಲ್ಲ. ಹೇಳಿದ್ದನ್ನು ಹಾಗೇ ಕೂಗಿದೆ. ಚಂದ್ರ ಅಂಗಾತ ಬಿದ್ದ. ಅಲೆ ಅವನನ್ನು ಮರದ ದಿಮ್ಮಿಯ ಹಾಗೆ ಹೊರಳಿಸಿ ಮರಳಿಗೆ ಎಸೆಯಿತು. ಲಾರಿಯ ಹಾರ್ನ್ ಕೇಳಿತು.

ಅಲ್ಲಿ ಸೆಳೆತ ಇದೆ, ಪ್ರತಿ ಮಳೆಗಾಲಕ್ಕೂ ಯಾರೋ ಒಬ್ಬ ಪ್ರವಾಸಿ ಕೊಚ್ಚಿ ಹೋಗುತ್ತಾನೆ, ಅದನ್ನೂ ಒಪ್ಪುತ್ತೇನೆ. ಆದರೆ ಅವನ ಎರಡೂ ಅಂಗೈಯ ಚರ್ಮ ಕಿತ್ತು ಬಂದಿತ್ತು. ಹಗ್ಗ ಉಜ್ಜಿದ ಗಾಯ ಹೇಗಿರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. “ಬಿಡುಕೆ ಆಯ್ಲಿಲ್ಲೆ ದೊಡ್ಡಮ್ಮ” ಎಂದು ಮಾತ್ರ ಹೇಳಿದ. ಕೀಬೋರ್ಡ್ ಮೇಲೆ ಬೆರಳಿಟ್ಟು ಬದುಕುವವನು, ಆ ಕೈ ವಾಸಿಯಾಗಲು ಎರಡು ತಿಂಗಳು ಹಿಡಿಯಿತು.

ಯಂತ್ರ ಮರಳಿನಲ್ಲಿ ಓಡುತ್ತಲೇ ಇತ್ತಲ್ಲ, ಅದರಲ್ಲಿ ಎಲ್ಲವೂ ಸಿಕ್ಕಿತ್ತು. ಗಂಡಸರ ದನಿ ತೆಗೆಯಲು ನೋಡಿದನಂತೆ. ತೆಗೆದರೆ ನನ್ನ ದನಿಯೂ ಹೋಗುತ್ತಿತ್ತಂತೆ. ಹಾಗೇ ಕಳಿಸಿದ. ನಿರ್ದೇಶಕರು ಒಂದೇ ಸಲಕ್ಕೆ ಒಪ್ಪಿದರು. ಈಗ ಅವನ ಮನೆಯ ಮುಂದೆ ಕಾರು ಸಾಲುಗಟ್ಟುತ್ತದೆ. ಆ ಗಂಡಸರನ್ನು ಎಲ್ಲಿಂದ ತಂದೆ ಎಂದು ಕೇಳಿದವರಿಗೆ ಊರಿನವರು ಎನ್ನುತ್ತಾನೆ. ಸುಳ್ಳೇನಲ್ಲ. ನನ್ನನ್ನು ಕುಂದಾಪುರಕ್ಕೆ ಕರೆಸಿಕೊಂಡು ಸಿನಿಮಾ ತೋರಿಸಿದ. ಬೋಟು ಮಗುಚುವಲ್ಲಿ ಕೊನೆಯ ಸಾಲು ಮೊದಲು ಗಂಡು ದನಿಯಲ್ಲಿ ಬರುತ್ತದೆ, ಆಮೇಲೆ ನನ್ನದು. ತ್ರಾಸಿಗೆ ಮಾತ್ರ ಅವನು ಮತ್ತೆ ಬಂದಿಲ್ಲ.

ನನ್ನ ಗಂಡನ ಜೊತೆ ರಂಪಣಿ ಎಳೆದವರಲ್ಲಿ ಬದುಕಿರುವವರು ಬೀಜಾಡಿಯ ಶೀನಣ್ಣ ಒಬ್ಬರೇ. ಅವರ ಬಳಿ ಹೋಗಿ ಆ ಸಾಲು ಹೇಳಿದೆ. ಮುದುಕ ಎದ್ದು ಕೂತರು.

“ಇದ್ ನಿಂಗ್ ಯಾರ್ ಹೇಳಿರ್? ಹೆಂಗಸ್ರಿಗ್ ಗೊತ್ತಿಪ್ದಲ್ಲ ಇದ್.”

ಸರಿಯಾ ತಪ್ಪಾ ಎಂದು ಕೇಳಿದೆ. ಸರಿ ಎಂದರು. ಎರಡು ವರ್ಷ ನೀರು ಬೇಕು ಎನ್ನಲೂ ಆಗದೆ ಮಲಗಿದ್ದ ಮನುಷ್ಯ ಅದನ್ನು ಹೇಗೆ ಹೇಳಿದರು, ಯಾಕೆ ಹೇಳಿದರು, ಆಚೆ ಕಡೆಯಿಂದ ಹಗ್ಗ ಎಳೆಯುತ್ತಿದ್ದದ್ದು ಯಾರು? ನನಗೆ ಇಂದಿಗೂ ತಿಳಿದಿಲ್ಲ. ಆ ಸಾಲನ್ನು ಇಲ್ಲಿ ಹೇಳುವುದಿಲ್ಲ.

ಚಂದ್ರ ನೀರಿಗೆ ಇಳಿದದ್ದರ ಮರುದಿನ ಬೆಳಿಗ್ಗೆ ಬಂದರಿನಲ್ಲಿ ಒಂದು ಬುಟ್ಟಿ ಬಂಗುಡೆ ತೆಗೆದುಕೊಂಡೆ. ಹೆಮ್ಮಾಡಿಯಲ್ಲಿ ಗಿರಾಕಿಗಳು ಕಾಯುತ್ತಿದ್ದರು, ಹೋಗಲಿಲ್ಲ. ಹಿಂದಿನ ಸಂಜೆ ನಿಂತ ಜಾಗಕ್ಕೇ ಹೋಗಿ ಮರಳಿನ ಮೇಲೆ ನಾಲ್ಕು ನಾಲ್ಕು ಮೀನಿನ ಪಾಲು ಹಾಕುತ್ತಾ ಹೋದೆ. ಎಷ್ಟು ಕೈ ಹಗ್ಗ ಹಿಡಿದಿತ್ತೋ ಗೊತ್ತಿಲ್ಲ, ಹಾಗಾಗಿ ಬುಟ್ಟಿಯ ತಳ ಕಾಣುವವರೆಗೆ ಹಾಕಿದೆ. ಕಾಗೆಗಳು ತೆಂಗಿನ ಮರದಲ್ಲಿ ಕೂತಿದ್ದವು, ಒಂದೂ ಕೆಳಗೆ ಇಳಿಯಲಿಲ್ಲ. ಕೊನೆಗೆ ಬುಟ್ಟಿಯಲ್ಲಿ ಉಳಿದ ಮೂರು ಪಾಲನ್ನು ಮನೆಗೆ ತಂದೆ. ಎರಡು ಪಾಲು ಕೂಗು ಹಾಕಿದವರದ್ದು, ಅದನ್ನು ಹೊರಬೇಕಾದವಳು ನಾನೇ. ಸಾರು ಮಾಡಿ, ಅನ್ನ ಬಸಿದು, ಚಂದ್ರನನ್ನು ಎಬ್ಬಿಸಿದೆ.

“ಎಲ್ಲಿದ್ ಮೀನ್?” ಎಂದ.

“ಹಗ್ಗ ಹಿಡ್ದವ್ರಿಗ್ ಪಾಲ್ ಇತ್ತ್. ತಿನ್.”

ಅವನ ಎರಡೂ ಕೈಗೆ ಬಟ್ಟೆ ಸುತ್ತಿತ್ತು. ಮುಳ್ಳು ಬಿಡಿಸಿ ನಾನೇ ತಿನ್ನಿಸಿದೆ.