ಮೈನಸ್ ಒಂದು ಮೀನು

ಅಣೆಕಟ್ಟಿನ ಮಗ್ಗುಲಲ್ಲಿ, ಮೀನುಗಳು ಮೇಲೆ ಹತ್ತಿ ಹೋಗಲೆಂದು ಕಟ್ಟಿದ ನೀರಿನ ಮೆಟ್ಟಿಲುಗಳಿದ್ದವು. ಅವುಗಳ ಗೋಡೆಗೊಂದು ಗಾಜಿನ ಕಿಟಕಿ, ಈಚೆಗೆ ತೇವದ ವಾಸನೆಯ ಸಣ್ಣ ಕೋಣೆ. ಅಲ್ಲಿ ಇಪ್ಪತ್ತೆರಡು ವರ್ಷ ಕೂತು ಮೀನು ಎಣಿಸಿದವರನ್ನು ಕಚೇರಿಯವರೆಲ್ಲ ಮೀನಕ್ಕ ಅಂತಲೇ ಕರೆಯುತ್ತಿದ್ದರು. ಪ್ರತಿ ಹಂಗಾಮಿಗೂ ಎಣಿಕೆ ಸೊನ್ನೆಯಿಂದ ಶುರು. ಮೀನು ಹತ್ತಿದರೆ ಒಂದು ಕೂಡುವುದು, ಇಳಿದರೆ ಒಂದು ಕಳೆಯುವುದು. ಕಣ್ಣು ಮಿಟುಕಿಸುವಂತಿರಲಿಲ್ಲ.

ಆ ವರ್ಷ ಕಚೇರಿ ಕ್ಯಾಮೆರಾ ತರಿಸಿತು. ಎಣಿಸುವ ಪ್ರೋಗ್ರಾಂ ಬರೆದವಳು ಮೀನಕ್ಕನ ತಂಗಿಯ ಮಗಳೇ. ಇದು ಫಂಕ್ಷನಲ್ ಅನ್ನುವ ಬಗೆಯ ಪ್ರೋಗ್ರಾಂ ಭಾಷೆ, ಒಂದು ಬಗೆಯ ಸಂಖ್ಯೆಯನ್ನು ಇನ್ನೊಂದರ ಜೊತೆ ಬೆರೆಸಲು ಸುತರಾಂ ಬಿಡುವುದಿಲ್ಲ, ತಪ್ಪಾಗುವ ಮಾತೇ ಇಲ್ಲ ಎಂದು ಭರವಸೆ ಕೊಟ್ಟಿದ್ದಳು.

ಹಂಗಾಮಿನ ಮೊದಲ ದಿನ ಬೆಳಗ್ಗೆ ಒಂಬತ್ತಕ್ಕೆ ಪರದೆಯ ಮೇಲೆ ಅರವತ್ತೈದು ಸಾವಿರದ ಐನೂರ ಮೂವತ್ತೈದು. ಮೇಲಧಿಕಾರಿ ಖುಷಿಯಿಂದ ಎಲ್ಲೆಲ್ಲಿಗೋ ಫೋನ್ ಹಚ್ಚಿದರು.

ಮೀನಕ್ಕ ಕುರ್ಚಿಯಿಂದ ಕದಲಲಿಲ್ಲ. "ನಾನು ನೋಡಿದ್ದು ಒಂದೇ ಕಣೆ. ಅದೂ ಕೆಳಗೆ ಇಳೀತು."

ಹುಡುಗಿ ಪ್ರೋಗ್ರಾಂ ತೆರೆದು ನೋಡಿದಳು. ಕ್ಯಾಮೆರಾ ಕೊಡುವ ಸಂಖ್ಯೆ ಸೊನ್ನೆಗಿಂತ ಕೆಳಗೂ ಇಳಿಯಬಲ್ಲದು. ಅದನ್ನು ಕೂಡಿಡುವ ಸಂಖ್ಯೆ ಇಳಿಯಲಾರದು. ನಡುವೆ ಬಗೆ ಬದಲಿಸಲು ಅವಳೇ ಹಾಕಿದ ಒಂದು ಪದ. ಹೊಸ ಬಗೆಯಲ್ಲಿ ಸಂಖ್ಯೆ ಹಿಡಿಸಿತೋ ಇಲ್ಲವೋ ಎಂದು ಅದು ಕೇಳುವುದಿಲ್ಲ. ಜಾಗ ಸಿಗದ ಮೈನಸ್ ಒಂದು, ಸೊನ್ನೆಯಿಂದ ಹಿಂದಕ್ಕೆ ಸುತ್ತಿ, ಆ ಬಗೆಯಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆಯಾದ ಅರವತ್ತೈದು ಸಾವಿರದ ಐನೂರ ಮೂವತ್ತೈದರ ತುತ್ತತುದಿಯಲ್ಲಿ ಹೋಗಿ ಕೂತಿತ್ತು.

ಮೀನಕ್ಕ ತಮ್ಮ ಕೈಯೆಣಿಕೆ ಯಂತ್ರದ ತಿರುಗಣೆಯನ್ನು ಹಿಂದಕ್ಕೆ ತಿರುಗಿಸಿದರು. ನಾಲ್ಕು ಸೊನ್ನೆ ನಾಲ್ಕು ಒಂಬತ್ತಾಯಿತು.

"ಹೀಗಾ?"

"ಹೂಂ ದೊಡ್ಡಮ್ಮ, ಹಾಗೇ."

ಅವಳು ಆ ಪದ ಕಿತ್ತು ಬೇರೊಂದನ್ನು ಹಾಕಿದಳು. ಹಿಡಿಸಿದರೆ ಅದು ಸಂಖ್ಯೆ ಕೊಡುತ್ತದೆ, ಹಿಡಿಸದಿದ್ದರೆ 'ಇಲ್ಲ' ಎನ್ನುತ್ತದೆ. ಆ 'ಇಲ್ಲ' ಬಂದಾಗ ಏನು ಮಾಡಬೇಕೆಂದು ಬರೆಯುವ ತನಕ ಪ್ರೋಗ್ರಾಂ ಮುಂದಕ್ಕೆ ಹೋಗಲೇ ಒಪ್ಪದೆ ಕೆಂಪು ಸಾಲುಗಳನ್ನು ಚೆಲ್ಲಿತು. ಮೀನಕ್ಕ ಆ ಸಾಲುಗಳನ್ನೇ ಬೆರಗಾಗಿ ನೋಡಿದರು.

"ನಮ್ಮ ರಿಜಿಸ್ಟರಲ್ಲಿ ಮೈನಸ್‌ಗೆ ಕಾಲಂ ಇರಲಿಲ್ಲ," ಎಂದರು ಮೆಲ್ಲಗೆ. "ಇಂಥ ದಿನ ಬಂದಾಗೆಲ್ಲ ಸೊನ್ನೆ ಬರೆದೆ. ಇದು ಸರಿಯಲ್ಲ ಅಂತ ಒಬ್ಬರೂ ತಡೀಲಿಲ್ಲ."

ಹುಡುಗಿ ಕೂಡಿಡುವ ಸಂಖ್ಯೆಯನ್ನೇ ಬದಲಿಸಿ ಸೊನ್ನೆಯ ಕೆಳಗೂ ಜಾಗ ಮಾಡಿದಳು. ಪರದೆಯ ಮೇಲೆ ಮೈನಸ್ ಒಂದು ಮೂಡಿತು. ಮುಖ ಸಣ್ಣದು ಮಾಡಿಕೊಂಡು ಬಂದ ಮೇಲಧಿಕಾರಿ, ಇಲ್ಲದ ಮೀನು ಕಡಿಮೆಯಾಗುವುದು ಹೇಗೆ ಎಂದು ಕೇಳಿದರು.

"ಹೋದ ವರ್ಷ ಹತ್ತಿದ್ದು ಸಾರ್. ವರ್ಷವಿಡೀ ಮೇಲೇ ಬದುಕಿ ಈಗ ಇಳಿದಿದೆ," ಎಂದರು ಮೀನಕ್ಕ.

ಮೇಲಧಿಕಾರಿ ಕುರ್ಚಿ ಎಳೆದುಕೊಂಡು ಕಿಟಕಿಯ ಮುಂದೆ ಕೂತರು.

ಮೀನಕ್ಕನ ನಿವೃತ್ತಿಗೆ ಇನ್ನೂ ಮೂರು ವರ್ಷವಿತ್ತು. ಅಷ್ಟರಲ್ಲಿ ಅವರು ಆ ಭಾಷೆಯನ್ನು ಓದುವಷ್ಟು ಕಲಿತರು. ಬರೆಯಲು ಮಾತ್ರ ಕೈ ಹಾಕಲಿಲ್ಲ.