ಮೊಲ ತನ್ನವೆಂದ ಕೌದಿ ಆಯಿ

ಲಿಂಗಸುಗೂರಿನ ಸಂತೆಯಲ್ಲಿ ಆ ಎರಡು ಮೊಲಗಳಿಗೆ ನಾನು ಕೊಟ್ಟದ್ದು ಐದು ನೂರು ರೂಪಾಯಿ. ಮಾರುವವನು ಎಂಟು ನೂರು ಹೇಳಿದ್ದ. ಒಂದರ ಕಿವಿ ತುದಿಯಲ್ಲಿ ಹರಿದದ್ದನ್ನು ತೋರಿಸಿ, ಸಂತೆ ಮುಗಿಯುತ್ತಾ ಬಂತು, ಇನ್ನು ಯಾರು ಕೊಳ್ಳುತ್ತಾರೆ ಎಂದು ಹೆದರಿಸಿ ಮುನ್ನೂರು ಇಳಿಸಿದೆ. ಮೇಲೆ ಅವನ ಬಿದಿರು ಬುಟ್ಟಿಯನ್ನೂ ಪುಕ್ಕಟೆ ಇಸಿದುಕೊಂಡೆ. ಮಗಳು ತಿಂಗಳುಗಟ್ಟಲೆ ಜ್ವರದಲ್ಲಿ ಮಲಗಿ ಎದ್ದಿದ್ದಳು. ತಟ್ಟೆ ಮುಂದಿಟ್ಟರೆ ಮುಖ ತಿರುಗಿಸುತ್ತಿದ್ದಳು. ಮೊಲಕ್ಕೆ ತಿನ್ನಿಸುತ್ತಾ ತಾನೂ ನಾಲ್ಕು ತುತ್ತು ತಿನ್ನಲಿ ಎಂದು ತಂದದ್ದು. ತಿಂದಳು. ಹಾಗಾಗಿ ಐದು ನೂರು ದುಬಾರಿಯಲ್ಲ ಎಂದೇ ಆಗ ಲೆಕ್ಕ ಹಾಕಿದ್ದೆ. ಅವುಗಳ ನಿಜವಾದ ಬೆಲೆಯನ್ನು ಕೊಟ್ಟವಳು ನಮ್ಮ ಬಾಡಿಗೆ ಮನೆಯ ಹಿತ್ತಲ ಕೋಣೆಯಲ್ಲಿದ್ದ ಕೌದಿ ಆಯಿ.

ಆಕೆಯ ಎಡಗೈಯ ತೋರುಬೆರಳಿನ ತುದಿ ಸೂಜಿ ಚುಚ್ಚಿ ಚುಚ್ಚಿ ಕಲ್ಲಾಗಿತ್ತು. ಹತ್ತಿರದಿಂದ ನೋಡಿದರೆ ಜರಡಿಯ ತೂತುಗಳಂತೆ ಸಣ್ಣ ಕಪ್ಪು ಚುಕ್ಕಿಗಳು. ಒಲೆಯ ಮೇಲಿನ ಬಿಸಿ ಪಾತ್ರೆಯ ಅಂಚನ್ನು ಆ ಬೆರಳಿನಿಂದಲೇ ಮುಟ್ಟಿ, "ಇನ್ನೂ ಕಾದಿಲ್ಲ ಬಿಡು" ಎನ್ನುತ್ತಿದ್ದಳು. ಹೊಲಿಯದ ಹೊತ್ತಿನಲ್ಲಿ ಸೂಜಿ ತುರುಬಿನಲ್ಲಿರುತ್ತಿತ್ತು, ಅದರಿಂದ ಒಂದು ಗೇಣು ಬಿಳಿ ದಾರ ಕುತ್ತಿಗೆಯ ಮೇಲೆ ಇಳಿಬಿದ್ದಿರುತ್ತಿತ್ತು. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ ಹೊಲಿದ ಹೊದಿಕೆಯೇ ಕೌದಿ. ಸಿಂಧನೂರಿನಲ್ಲಿ ಈಗ ಅಂಗಡಿ ತುಂಬ ಮೆತ್ತನೆಯ ರಗ್ಗುಗಳಿವೆ. ಆದರೂ ಸುತ್ತಲಿನ ಹಳ್ಳಿಯವರು ಅರಿವೆಯ ಗಂಟು ಹೊತ್ತು ಆಕೆಯನ್ನು ಹುಡುಕಿಕೊಂಡು ಬರುತ್ತಿದ್ದರು.

ನಾನು ಪಾಮನಕಲ್ಲೂರಿನಿಂದ ಸಿಂಧನೂರಿಗೆ ಬರಿಗೈಯಲ್ಲಿ ಬಂದು ಹಳೇ ಬೈಕು ಕೊಂಡು ಮಾರುವುದನ್ನು ಕಲಿತವನು. ಮನೆ ಹಿಡಿಯುವಾಗ ನನಗೆ ಬೇಕಾಗಿದ್ದುದು ಕೋಣೆಗಿಂತ ಅಂಗಳ, ಹತ್ತು ಗಾಡಿ ನಿಲ್ಲುವಂಥದ್ದು. ಅಂಥ ಮನೆ ಸಿಕ್ಕಿತು. ಮಾಲಕಿ ಪಕ್ಕದ ಓಣಿಯ ಗೊಬ್ಬರದಂಗಡಿಯವರ ಹೆಂಡತಿ, ಪೂಜೆಯಾಗದೆ ನೀರು ಮುಟ್ಟದವರು. ಮೂರೇ ಪ್ರಶ್ನೆ ಕೇಳಿದರು.

"ಎಷ್ಟ ಮಂದಿ ಇರ್ತೀರಿ?"

"ಮೂರ ಮಂದಿ ರೀ ಅಕ್ಕಾರ. ನಾವಿಬ್ರು, ಒಂದ್ ಮಗಳು."

"ಮಾಂಸ?"

"ಮನ್ಯಾಗ ಮಾಡಂಗಿಲ್ರೀ."

"ಕುಡಿಯೋದು ಗಿಡಿಯೋದು?"

"ಚಾ ಅಷ್ಟರೀ. ಅದಕ್ಕೂ ಸಕ್ರಿ ಕಮ್ಮಿ."

ಅವರು ನಕ್ಕರು. ನಕ್ಕ ಹೊತ್ತಿನಲ್ಲೇ ಬಾಡಿಗೆಯಲ್ಲಿ ಐನೂರು ಇಳಿಸಿ, ಮುಂಗಡವನ್ನೂ ಅರ್ಧಕ್ಕೆ ತಂದೆ. ಮೊಲದ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ. ನಮ್ಮ ಕಡೆ ಮೊಲ ಸಾಕಿದ್ದೇನೆ ಎಂದರೆ, ಯಾವ ಹಬ್ಬಕ್ಕೆ ಕೊಯ್ಯುತ್ತೀ ಎಂದೇ ಕೇಳುತ್ತಾರೆ. ಮುದ್ದಿಗೆ ಸಾಕುವುದುಂಟು ಎಂದರೆ ನಂಬುವವರಾರು? ಕುದುರಿದ ವ್ಯವಹಾರ ಕೆಡುವುದು ಬೇಡ ಎಂದುಕೊಂಡೆ. ಬುಟ್ಟಿಯ ಮೇಲೆ ಟವೆಲ್ಲು ಹೊದಿಸಿ ಸಾಮಾನಿನ ಕೊನೆಯ ಆಟೋದಲ್ಲಿ, ತರಕಾರಿಯ ಜೊತೆ ತಂದೆ.

ಹಾಲು ಉಕ್ಕಿಸಿದ ದಿನವೇ ಆಯಿ ಹಿತ್ತಲಿಗೆ ಬಂದು, ಬುಟ್ಟಿಯೊಳಗೆ ಇಣುಕಿ, ನನ್ನ ಹೆಂಡತಿಗೆ ಕೇಳಿದಳು:

"ಮೂರ ಮಂದಿ ಬರ್ತಾರ ಅಂದಿದ್ರು ಅಕ್ಕಾರ. ಐದ ಮಂದಿ ಬಂದೀರಲ್ಲಬೇ?"

ಹೆಂಡತಿ ಬುಟ್ಟಿಯ ಮೇಲೆ ಮತ್ತೆ ಟವೆಲ್ಲು ಎಳೆದಳು. ನಾನು ನಡುವೆ ಬಾಯಿ ಹಾಕಿದೆ. "ಆಯಿ, ಒಂದ್ ಸೀರಿ ಕೊಡಿಸ್ತೀನಿ. ಅಕ್ಕಾರ ಮುಂದ ಇದನ್ನ ಎತ್ತಬ್ಯಾಡ."

"ನಿನ್ನ ಸೀರಿ ನಿನ್ನ ಹೇಂತಿಗೆ ಕೊಡಿಸಪಾ. ಹರಕ ಸೀರಿ ಇದ್ರ ಕೊಡು, ಅದು ನನಗ ಉಪಯೋಗಕ್ಕ ಬರ್ತದ."

ಮಾಲಕಿ ಪ್ರತಿ ಅಮಾವಾಸ್ಯೆಗೆ ಬಂದು ಹೊಸ್ತಿಲಿಗೆ ಕಾಯಿ ಒಡೆದು ಹೋಗುತ್ತಿದ್ದರು. ಆ ದಿನ ಬೆಳಿಗ್ಗೆಯೇ ಆಯಿ ಬುಟ್ಟಿಯನ್ನು ತನ್ನ ಕೋಣೆಗೆ ಒಯ್ಯುತ್ತಿದ್ದಳು. ಮೊದಲು ಹೊಲಿದ ಕೌದಿಗಳನ್ನೆಲ್ಲ ಮೇಲಿನ ಗೂಟಕ್ಕೆ ಏರಿಸಿ, ಬುಟ್ಟಿಯ ಮುಚ್ಚಳಕ್ಕೆ ಎರಡು ಗಂಟು ಬಿಗಿದು, ಆಮೇಲೆ ಕದ ಎಳೆದುಕೊಳ್ಳುತ್ತಿದ್ದಳು. ಹದಿನಾಲ್ಕು ತಿಂಗಳು ಹೀಗೆ ನಡೆಯಿತು. ಸಂಜೆ ಮಗಳು ಶಾಲೆಯಿಂದ ಬಂದರೆ ಇಬ್ಬರೂ ಕೂತು ಮೊಲಗಳಿಗೆ ಜೋಳದ ರೊಟ್ಟಿ ಮುರಿದು ಕೊಡುತ್ತಿದ್ದರು. "ಈ ಮೂಗ ನೋಡಬೇ, ಒಂದ್ ಗಳಿಗಿ ಸುಮ್ನಿರಂಗಿಲ್ಲ, ನಿಮ್ಮಪ್ಪನ ಬಾಯಿ ಇದ್ದಂಗ" ಎಂದು ಆಯಿ ಅವಳನ್ನು ನಗಿಸುತ್ತಿದ್ದಳು. ಮೊಲಕ್ಕೆ ಸೊಪ್ಪೇ ಸಾಕು. ರೊಟ್ಟಿಯ ರುಚಿ ಹಚ್ಚಿದವರು ನಾವು.

ಆಕೆಗೆ ಬುದ್ಧಿ ಹೇಳುವುದು ನನ್ನ ನಿತ್ಯದ ಕೆಲಸವಾಗಿತ್ತು. ಎಂಟು ಹತ್ತು ದಿನ ಹಿಡಿಯುವ ಕೌದಿಗೆ "ನಿಮ್ಮ ಮನಸಿಗೆ ಬಂದಷ್ಟ ಕೊಡ್ರಿ" ಎನ್ನುವವಳನ್ನು ಕಂಡರೆ ನನ್ನಂಥವನಿಗೆ ಮೈ ಉರಿಯದೆ ಇರುತ್ತದೆಯೇ? ಒಮ್ಮೆ ವಳಕಮದಿನ್ನಿಯ ಭತ್ತದ ಗೌಡರೊಬ್ಬರು ಬಂದಾಗ ನಾನೇ ನಡುವೆ ನಿಂತು, ಆಕೆ ಎಂದೂ ಕಾಣದ ಕೂಲಿಗೆ ಒಪ್ಪಿಸಿದೆ. ಆಯಿ ತಲೆಯಾಡಿಸಿದಳು. ಎಂಟು ದಿನದ ಮೇಲೆ ನೋಡಿದರೆ ಗೌಡರ ಕೌದಿಯ ಜೊತೆಗೆ ಒಂದು ಕೂಸಿನ ಕೌದಿಯನ್ನೂ ಸುಮ್ಮನೆ ಹೊಲಿದು ಕೊಟ್ಟಿದ್ದಳು.

"ಹುಚ್ಚೀ ಏನ್ ಆಯಿ ನೀನು?"

"ನೀ ಗಾಡಿ ಮಾರಾಂವ. ಮಾರಿದ ಮ್ಯಾಗ ತಿರುಗಿ ನೋಡಂಗಿಲ್ಲ. ನನ್ನ ಕೌದ್ಯಾಗ ಮಂದಿ ಇಪ್ಪತ್ತ ವರ್ಸ ಮಲಗ್ತಾರ ತಮ್ಮಾ. ಬೈಕೋತ ಮಲಗಿದ್ರ ನನಗ ನಿದ್ದಿ ಬರ್ತದೇನು?"

ಕೌದಿ ಮುಗಿಸುವ ದಿನ ಆಕೆ ಮಾಡುತ್ತಿದ್ದ ಒಂದು ಕೆಲಸ ನನಗೆ ಇಷ್ಟವಾಗುತ್ತಿತ್ತು. ನಾಲ್ಕೂ ಮೂಲೆಯಲ್ಲಿ ಒಂದೊಂದು ಸಣ್ಣ ಕಿಸೆ ಬಿಟ್ಟು, ಅದರೊಳಗೆ ಒಣ ರೊಟ್ಟಿಯ ಚೂರು, ಚಿಟಿಕೆ ಬೆಲ್ಲ ಇಟ್ಟು ಬಾಯಿ ಹೊಲಿಯುತ್ತಿದ್ದಳು. "ಕೌದೀಗೂ ಹೊಟ್ಟಿ ಇರ್ತದ. ಹಸದ ಕೌದಿ ಹೊತ್ಕೊಂಡೋರಿಗೆ ನಿದ್ದಿ ಕೊಡಂಗಿಲ್ಲ" ಎನ್ನುತ್ತಿದ್ದಳು.

ಮಾಲಕಿಯ ಮಗಳಿಗೆ ಚೊಚ್ಚಲ ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನಕ್ಕೆ ಕೌದಿ ಬೇಕೆಂದು ಮಾಲಕಿ ಟ್ರಂಕು ತೆರೆದು, ತೀರಿಹೋದ ತಮ್ಮ ಅತ್ತೆಯ ಎರಡು ಇಳಕಲ್ ಸೀರೆ ತಂದುಕೊಟ್ಟರು. ಮನೆಯಲ್ಲಿ ಆ ಮುದುಕಿಯವೆಂದು ಉಳಿದಿದ್ದುದು ಅವೆರಡೇ. ಕತ್ತರಿ ಇಡುವ ಮೊದಲು ಆಯಿ ಸೀರೆಗೆ ಕೈಮುಗಿದದ್ದನ್ನು ನಾನೇ ನೋಡಿದ್ದೇನೆ. ಅಮಾವಾಸ್ಯೆಯ ಹಿಂದಿನ ದಿನ ಕೌದಿ ಮುಗಿಯಿತು, ನಾಲ್ಕೂ ಮೂಲೆಯ ಹೊಟ್ಟೆ ತುಂಬಿತು. ಮರುದಿನ ಬೆಳಿಗ್ಗೆ, ಮಾಲಕಿ ಕಾಯಿ ಒಡೆಯಲು ಬಂದಾಗ ಉಡಿಗೆ ಹಾಕಿ ಕೊಡಬೇಕೆಂದು ಅದನ್ನು ಮಡಚಿ ಚಾಪೆಯ ಮೇಲಿಟ್ಟು, ಆಯಿ ಎಲೆ ಅಡಿಕೆ ತರಲು ಅಂಗಡಿಗೆ ಹೋದಳು. ಮಾಲಕಿ ಬರುವುದು ಮಧ್ಯಾಹ್ನ, ತಾನು ಅಂಗಡಿಯಿಂದ ಬಂದ ಮೇಲೆ ಬುಟ್ಟಿ ಒಳಗೆ ಒಯ್ದರಾಯಿತು ಎಂದು ಹೇಳಿಯೇ ಹೋಗಿದ್ದಳು.

ಮಾಲಕಿ ಬೆಳಿಗ್ಗೆಯೇ ಬಂದರು. ಓಣಿಯ ತಿರುವಿನಲ್ಲಿ ಅವರ ಸ್ಕೂಟಿಯ ಹಾರ್ನು ಕೇಳಿಸಿತು. ನನ್ನ ಮುಂದೆ ಗೊರೇಬಾಳದ ಗಿರಾಕಿ ಗಾಡಿ ಚಾಲೂ ಮಾಡಿ, ರೇಟಿಗೆ ಜಗ್ಗಾಡುತ್ತಿದ್ದ. ಅವನನ್ನು ಬಿಟ್ಟು ಹಿತ್ತಲಿಗೆ ಓಡಿ, ಬುಟ್ಟಿಯನ್ನೆತ್ತಿ ಆಯಿಯ ಕೋಣೆಯೊಳಗೆ ತಳ್ಳಿ, ಕದ ಎಳೆದು ಚಿಲಕ ಹಾಕಿ ಬಂದೆ. ಮುಚ್ಚಳಕ್ಕೆ ಗಂಟು ಹಾಕಲಿಲ್ಲ. ಚಾಪೆಯ ಮೇಲೆ ಕೌದಿ ಇದ್ದುದು ಕಣ್ಣಿಗೆ ಬಿದ್ದಿತ್ತು. ಬಿದ್ದೂ ಎತ್ತಲಿಲ್ಲ. ಎತ್ತಲು ಎಷ್ಟು ಹೊತ್ತು ಬೇಕು? ಗಿರಾಕಿ ಹೋಗಿಬಿಟ್ಟಾನು ಎಂಬುದೊಂದೇ ತಲೆಯಲ್ಲಿತ್ತು.

ಮಾಲಕಿ ಕಾಯಿ ಒಡೆದು, ನನ್ನ ಹೆಂಡತಿಯ ಕೈಯ ಚಹಾ ಕುಡಿದು, ಮೊಮ್ಮಗನ ಫೋಟೋ ತೋರಿಸುತ್ತಾ ಕೂತರು. ಅಷ್ಟರಲ್ಲಿ ಆಯಿ ಬಂದಳು. "ತಡೀರಿ ಅಕ್ಕಾರ, ಕೌದಿ ತರ್ತೀನಿ" ಎಂದರೆ, "ನಾನೂ ಬರ್ತೀನಿ ನಡಿ" ಎಂದು ಅವರೂ ಹಿಂದೆಯೇ ನಡೆದರು. ಚಿಲಕ ತೆಗೆದ ಸಪ್ಪಳ. ಆಮೇಲೆ ಮಾಲಕಿಯ ಕೂಗು.

ನಾನು ಹೋಗಿ ನೋಡುವಾಗ ಎರಡೂ ಮೊಲ ಕೌದಿಯ ಮೇಲೆ ಕೂತು ಬಾಯಾಡಿಸುತ್ತಿದ್ದವು. ನಾಲ್ಕೂ ಮೂಲೆ ಹರಿದಿದ್ದವು. ರೊಟ್ಟಿಯ ವಾಸನೆ ಹಿಡಿದು ಪದರು ಪದರು ಕತ್ತರಿಸಿದ್ದವು, ಸೀರೆಯ ಕೆಂಪು ಸೆರಗು ನೂಲುನೂಲಾಗಿತ್ತು. ಮೇಲೆ ಹಿಕ್ಕೆ.

"ಯಾರವು ಇವು?" ಮಾಲಕಿ ಹರಿದ ಸೆರಗನ್ನು ಎಳೆದುಕೊಂಡರು. "ನಮ್ಮತ್ತೀ ಸೀರಿ! ಯಾರವು ಅಂತ ಕೇಳಾಕತ್ತೀನಿ!"

ಆಯಿ ನನ್ನನ್ನು ನೋಡಿದಳು. ನನ್ನ ಕೈಯಲ್ಲಿ ಬೈಕಿನ ಕೀಲಿ ಇತ್ತು. ಅಂಗಳದಲ್ಲಿ ಒಂಬತ್ತು ಗಾಡಿಗಳಿದ್ದವು. ಇಂಥ ಅಂಗಳ ಈ ಬಾಡಿಗೆಗೆ ಊರಲ್ಲೆಲ್ಲೂ ಸಿಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ನಾನು ಕೀಲಿಯನ್ನು ನೋಡುತ್ತಾ ನಿಂತೆ.

"ನನ್ನವರೀ ಅಕ್ಕಾರ" ಎಂದಳು ಆಯಿ. "ನಾ ಸಾಕೀನಿ."

"ಯಾಕ? ತಿನ್ನಾಕೇನು?" ಮಾಲಕಿ ಆಕೆಯ ಕೊರಳಿಗೆ ಬೆರಳು ತೋರಿಸಿದರು. "ಕೊಳ್ಳಾಗ ಲಿಂಗ ಕಟ್ಕೊಂಡು, ನನ್ನ ಮನ್ಯಾಗ ಕುಂತು, ಇದನ್ನ ಮಾಡಾಕತ್ತೀದೇನು?"

ಆಯಿಯ ಕೈ ಕರಡಿಗೆಯ ಮೇಲೆ ಹೋಯಿತು. ಜನ್ಮದಲ್ಲಿ ಮೊಟ್ಟೆಯನ್ನೂ ಮುಟ್ಟದವಳು. ಆಗಲಾದರೂ ನಾನು ಹೇಳಬಹುದಿತ್ತು.

ಎಂಟು ದಿನದಲ್ಲಿ ಕೋಣೆ ಖಾಲಿ ಮಾಡಬೇಕೆಂದಾಯಿತು. ಹನ್ನೊಂದು ವರ್ಷ ಇದ್ದ ಕೋಣೆ. ಮಸ್ಕಿಯಲ್ಲಿ ಆಕೆಯ ತಂಗಿಯ ಮಗಳಿದ್ದಳು, ಅಲ್ಲಿಗೆ ಹೊರಟಳು. ಆಟೋದಲ್ಲಿ ಟ್ರಂಕು, ಅರಿವೆಯ ಗಂಟು ಇಟ್ಟ ಮೇಲೆ ಮಾಲಕಿ ಬಾಗಿಲಲ್ಲಿ ನಿಂತೇ ಹೇಳಿದರು: "ನಿನ್ನ ಮೊಲಾನೂ ಒಯ್ಯಿ." ಆಯಿ ಹಿತ್ತಲಿಗೆ ಹೋಗಿ ಬುಟ್ಟಿ ತಂದಳು. ಮಗಳು ನನ್ನ ಅಂಗಿ ಹಿಡಿದಳು.

"ಅಪ್ಪಾ, ಅವು ನಮ್ಮವಲ್ಲೇನು?"

"ಸುಮ್ನಿರು" ಎಂದೆ.

ಆಟೋದ ಬಾಡಿಗೆ ನಾನು ಕೊಟ್ಟೆ. ಅದರಲ್ಲೂ ಐವತ್ತು ಇಳಿಸಿದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಇಳಿಸಿದ್ದು ನಿಜ.

ನಾಲ್ಕು ತಿಂಗಳ ಮೇಲೆ ಒಂದು ಗಾಡಿ ನೋಡಲು ಮಸ್ಕಿಗೆ ಹೋದವನು ಆಕೆಯ ಮನೆ ಹುಡುಕಿದೆ. ತಗಡಿನ ಶೆಡ್ಡು. ಬಿಸಿಲಿಗೆ ಒಳಗೆ ಕೂರಲಾಗದೆ ಆಯಿ ಹೊರಗೆ ಬೇವಿನ ನೆರಳಲ್ಲಿದ್ದಳು. ಒಂದು ಮೊಲ ಬೇಸಿಗೆ ತಾಳದೆ ಸತ್ತಿತ್ತು. ಕಿವಿ ಹರಿದದ್ದು ಆಕೆಯ ಕಾಲ ಬಳಿ ಒದ್ದೆ ಗೋಣಿಯ ಮೇಲೆ ಮಲಗಿತ್ತು. ಗುರುತಿಲ್ಲದ ಊರು, ಹೊಲಿಗೆ ತರುವವರಿಲ್ಲ. ತುರುಬಿನಲ್ಲಿ ಸೂಜಿಯಿತ್ತು, ದಾರವಿರಲಿಲ್ಲ.

"ಆಯಿ, ಯಾಕ ನಿನ್ನವು ಅಂದಿ?" ಎಂದು ಕೇಳಿದೆ. ಕೇಳುವ ಮುಖವಾದರೂ ನನಗಿತ್ತೇ?

"ನೀ ಬಾಯಿ ಬಿಡ್ತಿ ಅಂತ ಎರಡ ಉಸುರು ತಡದೆ. ನೀ ಬಿಡ್ಲಿಲ್ಲ. ಯಾರರ ಒಬ್ರು ಹೇಳಬೇಕಲ್ಲ ತಮ್ಮಾ. ಕೂಸಿರೋ ಮನಿ ನಿಂದು."

ನಾನು ದುಡ್ಡು ತೆಗೆದೆ. ಆಕೆ ಮುಟ್ಟಲಿಲ್ಲ.

"ಒಂದ್ ಕೆಲಸ ಮಾಡು. ಆಯಿ ತಿನ್ನಾಕ ಸಾಕಿದ್ದಿಲ್ಲ ಅಂತ ಅಕ್ಕಾರಿಗೆ ಒಂದ್ ಮಾತ ಹೇಳು. ಮನಿ ಬ್ಯಾಡ ನನಗ, ಸೀರಿದೂ ಬೈಕೊಳ್ಳಲಿ. ಈ ಮಾತೊಂದ ಹೊತ್ಕೊಂಡು ಸಾಯಾಕ ಆಗವಲ್ದು."

"ಮುಂದಿನ ಅಮಾಸಿಗೆ ಹೇಳ್ತೀನಿ" ಎಂದೆ. ಆ ಅಮಾವಾಸ್ಯೆಗೆ ಬಾಡಿಗೆ ಕರಾರು ಹೊಸದು ಮಾಡುವುದಿತ್ತು. ಸಹಿಯಾಗಲಿ, ಆಮೇಲೆ ಎಂದುಕೊಂಡೆ. ಅದರ ಮುಂದಿನದಕ್ಕೆ ಮಾಲಕಿ ನಗುನಗುತ್ತಾ ಬಂದಿದ್ದರು, ನಗು ಕೆಡಿಸಲು ಮನಸ್ಸು ಬರಲಿಲ್ಲ. ಮೂರನೆಯದು ಬರುವ ಮೊದಲೇ ಮಸ್ಕಿಯಿಂದ ಫೋನು ಬಂತು. ಹೋಗುವಷ್ಟರಲ್ಲಿ ಮಣ್ಣು ಕೊಟ್ಟಾಗಿತ್ತು. ತಂಗಿಯ ಮಗಳು ನನ್ನ ಕೈಗೆ ಬುಟ್ಟಿ ಕೊಟ್ಟಳು. "ನಿಮಗ ಕೊಡು ಅಂದಿದ್ಳು" ಎಂದಳು. ಮುಚ್ಚಳಕ್ಕೆ ಎರಡು ಗಂಟು ಬಿಗಿದಿತ್ತು.

ಆ ಬುಟ್ಟಿಯನ್ನು ಹಿಡಿದು ನೇರವಾಗಿ ಮಾಲಕಿಯ ಮನೆಗೆ ಹೋದೆ. ಕಟ್ಟೆಯ ಮೇಲಿಟ್ಟು ಎಲ್ಲವನ್ನೂ ಹೇಳಿದೆ. ಅವರು ಮುಚ್ಚಳದ ಗಂಟು ಬಿಚ್ಚಿ ಒಳಗಿದ್ದ ಮೊಲವನ್ನು ನೋಡಿದರು.

"ಅವತ್ತ ಹೇಳಿದ್ರ ನಿನ್ನ ಬೈತಿದ್ದೆ" ಎಂದರು. "ಎರಡ ದಿನ ಮಾತ ಬಿಡ್ತಿದ್ದೆ. ಮೊಲ ಹೊರಗ ಕಟ್ಟು ಅಂತಿದ್ದೆ. ಅಷ್ಟ. ಆಕೀನ ಮನಿ ಬಿಡಿಸಿದ್ದು ಮೊಲಕ್ಕಲ್ಲೋ, ಲಿಂಗ ಕಟ್ಟಿದಾಕಿ ಹಿಂಗ ಮಾಡಿದ್ಳು ಅಂತ. ಆ ಮಾತು ನನ್ನ ಬಾಯಾಗ ಬರೋಹಂಗ ಮಾಡಿದ್ಯಲ್ಲ ನೀನು." ಸೆರಗಿನಿಂದ ಕಣ್ಣೊರಸಿಕೊಂಡು ಒಳಗೆ ಹೋದರು. ಮನೆ ಬಿಡು ಎನ್ನಲಿಲ್ಲ. ಈಗಲೂ ಅಲ್ಲೇ ಇದ್ದೇನೆ. ಅಂಗಳದಲ್ಲಿ ಗಾಡಿಗಳಿವೆ. ಮೊಲ ಹಿತ್ತಲಲ್ಲಿ ಎಲ್ಲರೆದುರಿಗೇ ಓಡಾಡುತ್ತದೆ. ಮಗಳು ಅದಕ್ಕೆ ಸೊಪ್ಪು ಹಾಕುತ್ತಾಳೆ, ರೊಟ್ಟಿ ಹಾಕುವುದಿಲ್ಲ. ನನ್ನ ಕಡೆ ನೋಡಿ ಮಾತಾಡುವುದೂ ಕಡಿಮೆ.

ಬಾಡಿಗೆ ಮನೆಗೆ ಹೋಗುವವರಿಗೆ ಎರಡು ಮಾತು ಹೇಳುತ್ತೇನೆ, ಕಿವಿಗೊಡಿ. ಮೊಲವಿರಲಿ, ಗಿಳಿಯಂಥ ಹಕ್ಕಿಯಿರಲಿ, ಗಾಜಿನ ಡಬ್ಬಿಯ ಮೀನೇ ಇರಲಿ, ಮನೆ ನೋಡಲು ಹೋದ ದಿನವೇ ಅದನ್ನು ಜೊತೆಗೆ ಒಯ್ದು ಮಾಲಕರ ಕಣ್ಣಿಗೆ ಬೀಳಿಸಿ. ಬಾಡಿಗೆಯ ಚೌಕಾಸಿಗೆ ಮೊದಲೇ ಅದರ ಮಾತು ಮುಗಿಸಿ. ಎಲ್ಲಿ ಮಲಗುತ್ತದೆ, ಏನು ತಿನ್ನುತ್ತದೆ, ಹಾಳು ಮಾಡಿದರೆ ಯಾರು ಕೊಡುತ್ತಾರೆ ಎಂದು ಕರಾರಿನಲ್ಲಿ ಒಂದು ಸಾಲು ಬರೆಸಿ. ಬೇಡ ಎಂದರೆ ಎದ್ದು ಬನ್ನಿ, ಊರಲ್ಲಿ ಬೇರೆ ಮನೆಗಳಿವೆ. ಬುಟ್ಟಿಗೆ ಗಂಟು ಹಾಕುವುದನ್ನು ಮರೆಯಬೇಡಿ. ಇಷ್ಟೆಲ್ಲ ಬಿಟ್ಟು, ನನ್ನ ಹಾಗೆ ಮುಚ್ಚಿಟ್ಟೇ ಹೋಗಿದ್ದು, ಒಂದು ದಿನ ಯಾರವು ಎಂದು ಕೇಳುವ ಹೊತ್ತು ಬಂದರೆ, ನಿಮ್ಮವೆಂದು ಹೇಳಿಬಿಡಿ. ಪಕ್ಕದಲ್ಲಿ ನಿಂತವರು ನಿಮಗಾಗಿ ಎರಡು ಉಸಿರು ಮಾತ್ರ ಕಾಯುತ್ತಾರೆ.