ಕಂಠಪ್ಪನವರ ಹನ್ನೆರಡನೆಯ ಪ್ರಶ್ನೆ

ಪಿರಿಯಾಪಟ್ಟಣದ ಆಸ್ಪತ್ರೆಯ ಗುಮಾಸ್ತ ಕಂಠಪ್ಪನವರಿಗೆ ಗೆರೆ ಎಳೆಯುವ ಚಟ. ಅವರ ಮೇಜಿನ ಮೇಲೆ ರೂಲುದೊಣ್ಣೆ ಉರುಳಿದ ಸದ್ದಾದರೆ, 'ಹೊಲ ಉಳೋಕೆ ಶುರು ಮಾಡಿದ್ರು' ಎಂದು ನರ್ಸುಗಳು ನಗುತ್ತಿದ್ದರು. 1971ರಲ್ಲಿ ಅವರು ಹೊಸ ಹಾಳೆಯೊಂದನ್ನು ಮಾಡಿದರು. ಮೂತ್ರದ ತೊಂದರೆಯ ಮುದುಕರು ಯಾರೇ ಬರಲಿ, ಅವೇ ಹನ್ನೊಂದು ಪ್ರಶ್ನೆ, ಅದೇ ಕ್ರಮ. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಇರಬಹುದೆಂದು ಮೈಸೂರಿಗೆ ಕಳಿಸಿದರೆ, ಅಲ್ಲಿನ ವೈದ್ಯರು ಮೊದಲು ಕೇಳುತ್ತಿದ್ದದ್ದು ತೊಂದರೆ ಎಂದಿನಿಂದ ಎಂದು. ಮುದುಕರೋ, ನಾಚಿಕೆಗೆ ಊರಿಗೊಂದು ಕಾಯಿಲೆ ಹೇಳುತ್ತಿದ್ದರು.

ಕಂಪಲಾಪುರದ ಮಂಚಯ್ಯ ಇದರಲ್ಲಿ ನಿಪುಣ. ನೆಂಟರಿಲ್ಲದ ಊರುಗಳನ್ನೇ ಹುಡುಕಿ ಹೋಗಿದ್ದ. ಹುಣಸೂರು ಆಸ್ಪತ್ರೆಯ ಚೀಟಿಯಲ್ಲಿ ಸೊಂಟನೋವು, ಕೆ.ಆರ್. ನಗರದ್ದರಲ್ಲಿ ಉಷ್ಣ, ಹೆಗ್ಗಡದೇವನಕೋಟೆಯದರಲ್ಲಿ ನಿದ್ದೆಗೇಡು. ಈಗ ಪಿರಿಯಾಪಟ್ಟಣದ ಡಾಕ್ಟರ ಕೈಗೆ ಗ್ರಂಥಿ ಗಟ್ಟಿಯಾಗಿ ಸಿಕ್ಕಿತ್ತು. ಮಧ್ಯಾಹ್ನದ ಬಸ್ಸಿಗೇ ಮೈಸೂರಿಗೆ ಹೊರಡಬೇಕು. ಈ ಮೂರು ಚೀಟಿ ನಂಬಿದರೆ ಅಲ್ಲಿ ಸೊಂಟಕ್ಕೆ ಎಣ್ಣೆ ಬರೆದುಕೊಟ್ಟು ಕಳಿಸಿದರೂ ಆಶ್ಚರ್ಯವಿರಲಿಲ್ಲ.

ಕಂಠಪ್ಪ ಪೆನ್ನು ತೆರೆದರು. "ರಾತ್ರಿ ಎಷ್ಟು ಸಲ ಏಳ್ತೀರಿ?"

"ನಾನ್ಯಾಕೆ ಏಳ್ಲಿ ಸೋಮಿ? ಮಲಗಿದ್ರೆ ಕೊರಡು ಕಣ್ರೀ."

ಗೋಡೆಗೊರಗಿ ಕುಳಿತಿದ್ದ ಹೆಂಡತಿ ಸುಂದ್ರಮ್ಮನಿಗೆ ತಡೆಯಲಾಗಲಿಲ್ಲ. "ಆರು ಸಲ ಎದ್ದೋಯ್ತಾರೆ! ಕೇಳುದ್ರೆ ಎಮ್ಮೆ ನೋಡಾಕೆ ಅಂತಾರೆ. ಎಮ್ಮೆ ಮಾರಿ ಎಲ್ಡು ವರ್ಸ ಆಯ್ತು."

"ಸುಮ್ಕಿರಮ್ಮಿ."

ಕಂಠಪ್ಪ ಅವಳ ಕಡೆ ತಿರುಗಿದರು. "ಎಮ್ಮೆ ಇದ್ದಾಗ್ಲೂ ಏಳ್ತಿದ್ರೇನಮ್ಮ?"

"ಊಂ. ಮಾರೋಕೆ ಒಂದು ವರ್ಸ ಮುಂಚಿಂದ್ಲೂ. ಎಮ್ಮೆ ಮ್ಯಾಲೆ ಅಷ್ಟು ಪಿರೀತಿ ಅಂದ್ಕಂಡಿದ್ದೆ."

'ಮೂರು ವರ್ಷ' ಎಂದು ಕಂಠಪ್ಪ ಬರೆದರು. "ಬರ್ಕಳಿ ಬುಡಿ," ಎಂದ ಮಂಚಯ್ಯ. "ಸೊಂಟನೋವು ಮಾತ್ರ ಸುಳ್ಳಲ್ಲ ಸೋಮಿ. ಮೂಳೆ ಒಳಗೇ ನೋಯ್ತದೆ. ಒಂದು ತಿಂಗಳಾಯ್ತು." ಈ ಕ್ಯಾನ್ಸರ್ ಮೂಳೆಗೂ ಹಬ್ಬುವಂಥದ್ದು; ಅದೂ ಹಾಳೆ ಸೇರಿತು.

ಮೈಸೂರಿನ ವೈದ್ಯರು ಆ ಹಾಳೆಯನ್ನು ಎರಡು ಸಲ ಓದಿದರಂತೆ. ಗ್ರಂಥಿಯ ಚೂರು ತೆಗೆದು ನೋಡಿದರು, ಅನುಮಾನ ನಿಜವಾಗಿತ್ತು. ವಾರದೊಳಗೆ ಚಿಕಿತ್ಸೆ ಶುರುವಾಯಿತು.

ಕಂಠಪ್ಪ ಉಳಿದ ಹಾಳೆಗಳಿಗೆಲ್ಲ ಇನ್ನೊಂದು ಗೆರೆ ಎಳೆದು ಹನ್ನೆರಡನೆಯ ಪ್ರಶ್ನೆ ಸೇರಿಸಿದರು: 'ಮನೆಯಾಕೆ ಏನು ಹೇಳುತ್ತಾರೆ?'

ಮೂರು ತಿಂಗಳ ಮೇಲೆ ಮಂಚಯ್ಯ ತಪಾಸಣೆಗೆ ಬಂದ. ಕಂಠಪ್ಪ ಅದೇ ಹಾಳೆ ತೆಗೆದು ಮೊದಲಿನಿಂದ ಕೇಳತೊಡಗಿದರು. ರಾತ್ರಿಯ ಪ್ರಶ್ನೆ ಬಂದಾಗ ಮಂಚಯ್ಯ ಹೆಂಡತಿಯ ಕಡೆ ತಿರುಗಿದ.

"ನೀನೇ ಹೇಳಮ್ಮಿ. ಎಮ್ಮೆ ಎಷ್ಟು ಸಲ ಕೂಗ್ತು?"

"ಎಲ್ಡೇ ಸಲ," ಎಂದಳು ಸುಂದ್ರಮ್ಮ.